ಬಣ್ಣ ಬಳಿದ ಕಿಟಕಿಗಳು: ಸ್ಕಾಟ್ಲೆಂಡಿನ ಎರಡು ಹಡಗು, ಹತ್ತು ವರ್ಷದ ಪ್ರಶ್ನೆ

2017ರ ನವೆಂಬರ್ 21. ಸ್ಕಾಟ್ಲೆಂಡಿನ ಪೋರ್ಟ್ ಗ್ಲಾಸ್ಗೋ ಊರಿನಲ್ಲಿ, ಕ್ಲೈಡ್ ನದಿಯ ದಡದಲ್ಲಿ ಜನ ಸೇರಿದ್ದರು. ಗ್ಲೆನ್ ಸ್ಯಾನಕ್ಸ್ ಎಂಬ ಹೊಸ ಹಡಗನ್ನು ಫಸ್ಟ್ ಮಿನಿಸ್ಟರ್ ನಿಕೋಲಾ ಸ್ಟರ್ಜನ್ ನೀರಿಗಿಳಿಸಿದರು. ಫಸ್ಟ್ ಮಿನಿಸ್ಟರ್ ಎಂದರೆ ಹೆಚ್ಚುಕಡಿಮೆ ಅಲ್ಲಿನ ಮುಖ್ಯಮಂತ್ರಿ. ದೂರದಿಂದ ನೋಡಿದವರಿಗೆ ಹಡಗಿನ ಕೆಲಸ ಬಹುತೇಕ ಮುಗಿದ ಹಾಗೆ ಕಾಣುತ್ತಿತ್ತು. ಮೇಲೆ ಹಡಗು ನಡೆಸುವವರ ಕೋಣೆ, ಅದಕ್ಕೆ ಕಪ್ಪು ಕಿಟಕಿಗಳ ಸಾಲು. ಹತ್ತಿರ ಹೋದರೆ ಅಲ್ಲಿ ಗಾಜೇ ಇರಲಿಲ್ಲ. ಕಿಟಕಿ ಬರಬೇಕಾದ ಜಾಗಕ್ಕೆ ಕಪ್ಪು ಬಣ್ಣ ಬಳಿದಿದ್ದರು.

ಆ ಹಡಗು ಮೊದಲ ಸಲ ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದು 2025ರ ಜನವರಿ 13ರಂದು. ಒಪ್ಪಂದದ ಪ್ರಕಾರ ಅದು 2018ರಲ್ಲೇ ಓಡಾಡಬೇಕಿತ್ತು. ಈ ಮಧ್ಯದ ವರ್ಷಗಳಲ್ಲಿ ಎಡಿನ್‌ಬರೋದ ಶಾಸಕರು ಸರ್ಕಾರವನ್ನು ಹೇಗೆ ಕೇಳಿದರು, ಏನು ಸಿಕ್ಕಿತು, ಏನು ಸಿಗಲಿಲ್ಲ ಎನ್ನುವುದೇ ಈ ಪ್ರಕರಣ. ಹಡಗಿನ ಎಂಜಿನಿಯರಿಂಗ್ ಕಥೆ ನನಗೆ ಅಷ್ಟು ಮುಖ್ಯವಲ್ಲ. ನನ್ನ ಕುತೂಹಲ ಒಂದು ಕಾಗದದ ಮೇಲೆ. ಅದಕ್ಕೆ ಆಮೇಲೆ ಬರುತ್ತೇನೆ.

ದೋಣಿಯೇ ಬಸ್ಸು

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ತುಂಬ ದ್ವೀಪಗಳು. ಅಲ್ಲಿ ಹಳ್ಳಿ ಪಾಲಿಸಿ ಅಂದರೆ ಅರ್ಧಕ್ಕಿಂತ ಜಾಸ್ತಿ ದೋಣಿಯ ಮಾತೇ. ಆಸ್ಪತ್ರೆಗೆ ಹೋಗುವುದು, ದನ ಕುರಿಗಳನ್ನು ಸಂತೆಗೆ ಸಾಗಿಸುವುದು, ಅಂಗಡಿಗೆ ಹಾಲು ಬ್ರೆಡ್ಡು ಬರುವುದು, ಹೋಟೆಲಿಗೆ ಪ್ರವಾಸಿಗರು ಬರುವುದು, ಎಲ್ಲ ದೋಣಿಯಲ್ಲೇ. ಸಿಗಂದೂರಿನ ಲಾಂಚ್ ಒಂದು ದಿನ ನಿಂತರೆ ಹಿನ್ನೀರಿನ ಆಚೆ ಏನಾಗುತ್ತಿತ್ತು ಎಂದು ಶರಾವತಿ ಕಡೆಯವರಿಗೆ ಹೇಳಿಕೊಡಬೇಕಿಲ್ಲ. ಆದರೆ ಇಲ್ಲಿ ಲಾಂಚ್ ಎಂದರೆ ನೂರು ಮೀಟರ್ ಉದ್ದದ ಹಡಗು. ಗ್ಲೆನ್ ಸ್ಯಾನಕ್ಸ್ ಒಂದರಲ್ಲೇ 127 ಕಾರು ಹಿಡಿಯುತ್ತವೆ.

ಆ ಹಡಗನ್ನು ಕಟ್ಟಿಸಿದ್ದು ಅರಾನ್ ದ್ವೀಪಕ್ಕಾಗಿ. ಅಲ್ಲಿ ಸುಮಾರು 5,000 ಜನ ಇದ್ದಾರೆ. ಮುಖ್ಯ ಭೂಭಾಗದ ಆರ್ಡ್ರಾಸನ್ ಬಂದರಿನಿಂದ ಅರಾನಿನ ಬ್ರಾಡಿಕ್‌ಗೆ ಒಂದು ಗಂಟೆಯೊಳಗಿನ ಪ್ರಯಾಣ. ಆ ದಾರಿಯ ದೊಡ್ಡ ಹಡಗು ಕ್ಯಾಲೆಡೋನಿಯನ್ ಐಲ್ಸ್ 1993ರಲ್ಲಿ ಕಟ್ಟಿದ್ದು. ವಯಸ್ಸಾಗಿ ಪದೇ ಪದೇ ರಿಪೇರಿಗೆ ಹೋಗುತ್ತಿತ್ತು. ಅದಕ್ಕೇ ಹೊಸ ಹಡಗು ಬೇಕಾಗಿತ್ತು.

ಇದನ್ನು ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಕೇಳಿ ಪ್ರಯೋಜನವಿಲ್ಲ. 1999ರಿಂದ ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ಇದೆ. ಸೈನ್ಯ, ವಿದೇಶಾಂಗದಂಥ ವಿಷಯ ಲಂಡನ್ನಿನ ಕೈಯಲ್ಲಿ. ಶಾಲೆ, ಆಸ್ಪತ್ರೆ, ಕೃಷಿ, ಮೀನುಗಾರಿಕೆ, ದ್ವೀಪದ ದೋಣಿ, ಇವೆಲ್ಲ ಎಡಿನ್‌ಬರೋದ ಹೋಲಿರೂಡ್‌ನಲ್ಲಿ ಕೂತ 129 ಶಾಸಕರಿಗೆ ಉತ್ತರ ಕೊಡಬೇಕಾದ ವಿಷಯಗಳು. ಮೇಲ್ಮನೆ ಇಲ್ಲ. ಇರುವುದು ಒಂದೇ ಸದನ. ಅಲ್ಲಿ ಕೇಳದಿದ್ದರೆ ಇನ್ನೆಲ್ಲೂ ಕೇಳುವ ಹಾಗಿಲ್ಲ.

ಇನ್ನೊಂದು ಗೊಂದಲವನ್ನು ಮೊದಲೇ ಬಿಡಿಸಿಡುತ್ತೇನೆ, ಯಾಕೆಂದರೆ ಶಾಸಕರೇ ಇದರಲ್ಲಿ ಎಷ್ಟೋ ಸಲ ಸಿಕ್ಕಿಹಾಕಿಕೊಂಡಿದ್ದಾರೆ. ದೋಣಿ ಓಡಿಸುವ ಕಂಪನಿ ಕ್ಯಾಲ್‌ಮ್ಯಾಕ್. ದೋಣಿಗಳ ಒಡೆತನ ಸಿಮ್ಯಾಲ್ ಎಂಬ ಇನ್ನೊಂದು ಕಂಪನಿಯದು. ಇಬ್ಬರ ಮೇಲೂ ಕಣ್ಣಿಡುವುದು, ದುಡ್ಡು ಕೊಡುವುದು ಟ್ರಾನ್ಸ್‌ಪೋರ್ಟ್ ಸ್ಕಾಟ್ಲೆಂಡ್ ಎಂಬ ಸರ್ಕಾರಿ ಸಂಸ್ಥೆ. ಎರಡೂ ಕಂಪನಿಗಳ ಮಾಲೀಕರು ಸ್ಕಾಟ್ಲೆಂಡಿನ ಸಚಿವರೇ. ಅಂದರೆ ಒಂದೇ ಮನೆಯ ಮೂರು ಬಾಗಿಲು. ಒಂದು ತಟ್ಟಿದರೆ ಪಕ್ಕದ ಬಾಗಿಲು ತೋರಿಸುತ್ತಾರೆ.

ಗ್ಯಾರಂಟಿ ಇಲ್ಲದ ಗುತ್ತಿಗೆ

ಪೋರ್ಟ್ ಗ್ಲಾಸ್ಗೋದ ಫರ್ಗುಸನ್ ಶಿಪ್‌ಯಾರ್ಡ್ ಶುರುವಾಗಿದ್ದು 1903ರಲ್ಲಿ. ಒಂದು ಕಾಲಕ್ಕೆ ಕ್ಲೈಡ್ ದಡದ ಉದ್ದಕ್ಕೂ ಹಡಗು ಕಟ್ಟುವವರೇ ಇದ್ದರು. ಆ ಪಟ್ಟಿಯಲ್ಲಿ ಕೆಳಗಿನ ಕ್ಲೈಡ್‌ನಲ್ಲಿ ಕೊನೆಗೆ ಉಳಿದಿದ್ದು ಇದೊಂದೇ. 2014ರ ಆಗಸ್ಟ್‌ನಲ್ಲಿ ಅದೂ ದಿವಾಳಿಯಾಯಿತು. ಮರುತಿಂಗಳು ಸ್ಕಾಟ್ಲೆಂಡಿನ ಸ್ವಾತಂತ್ರ್ಯದ ಜನಮತಗಣನೆ ಇತ್ತು. ಅಷ್ಟರಲ್ಲಿ ಉದ್ಯಮಿ ಜಿಮ್ ಮೆಕಾಲ್ ಮುಂದೆ ಬಂದು ಯಾರ್ಡನ್ನು ಕೊಂಡುಕೊಂಡರು. ಊರಿನ ನೂರಾರು ಮನೆಗಳ ಒಲೆ ಮತ್ತೆ ಉರಿಯಿತು.

2015ರ ಆಗಸ್ಟ್ 31ರಂದು ಸ್ಟರ್ಜನ್ ಅದೇ ಯಾರ್ಡಿಗೆ ಹೋಗಿ, ಎರಡು ದೊಡ್ಡ ಹಡಗಿನ ಕೆಲಸಕ್ಕೆ ಫರ್ಗುಸನ್ನೇ ನಮ್ಮ ಮೊದಲ ಆಯ್ಕೆ ಎಂದು ಘೋಷಿಸಿದರು. ಗುತ್ತಿಗೆಗೆ ಸಹಿ ಬಿದ್ದಿದ್ದು ಅಕ್ಟೋಬರ್ 16ಕ್ಕೆ. ಬೆಲೆ 9.7 ಕೋಟಿ ಪೌಂಡ್. ಡೀಸೆಲ್ ಮತ್ತು ದ್ರವ ನೈಸರ್ಗಿಕ ಅನಿಲ ಎರಡರಲ್ಲೂ ಓಡುವ ಹಡಗುಗಳು. ಒಂದಕ್ಕೆ 801 (ಅದೇ ಗ್ಲೆನ್ ಸ್ಯಾನಕ್ಸ್), ಇನ್ನೊಂದಕ್ಕೆ 802 ಎಂದು ನಂಬರು.

ಘೋಷಣೆಗೂ ಸಹಿಗೂ ನಡುವಿನ ಆ ಆರೂವರೆ ವಾರದಲ್ಲೇ ಎಲ್ಲ ಇರುವುದು.

ಹಡಗು ಕಟ್ಟಿಸುವವರು ಕಂತುಕಂತಾಗಿ ದುಡ್ಡು ಕೊಡುತ್ತಾರೆ. ನಾವು ಮನೆ ಕಟ್ಟಿಸುವಾಗ ತಳಪಾಯಕ್ಕಿಷ್ಟು, ತಾರಸಿಗಿಷ್ಟು ಎಂದು ಕಂಟ್ರಾಕ್ಟರಿಗೆ ಕೊಡುವ ಹಾಗೆ. ಮಧ್ಯದಲ್ಲಿ ಕಂಟ್ರಾಕ್ಟರ್ ಕೈ ಎತ್ತಿದರೆ? ಅದಕ್ಕೇ ಹಡಗಿನ ವ್ಯಾಪಾರದಲ್ಲಿ ಬ್ಯಾಂಕಿನ ಮರುಪಾವತಿ ಗ್ಯಾರಂಟಿ ಕೇಳುತ್ತಾರೆ. ಕೆಲಸ ಕೆಟ್ಟರೆ ಕೊಟ್ಟ ದುಡ್ಡು ವಾಪಸ್. ಫರ್ಗುಸನ್‌ಗೆ ಪೂರ್ತಿ ಗ್ಯಾರಂಟಿ ಕೊಡಲು ಆಗಲಿಲ್ಲ. ಸಿಮ್ಯಾಲ್ ಹೆದರಿತು. ಇದು ಅಪಾಯ, ಟೆಂಡರನ್ನು ಮೊದಲಿನಿಂದ ಮಾಡೋಣ ಎನ್ನುವ ಕಡೆಗೇ ಅದು ವಾಲಿತ್ತು. ಆದರೂ ಗುತ್ತಿಗೆ ಕೊಟ್ಟರು. ಕೊಡಿ ಎಂದವರು ಸಚಿವರು.

ಮುಂದಿನದು ಚುಟುಕಾಗಿ. ವಿನ್ಯಾಸ ಪೂರ್ತಿಯಾಗುವ ಮೊದಲೇ ಕಬ್ಬಿಣ ಕತ್ತರಿಸಿದರು. ಯಾರ್ಡ್ ಮತ್ತು ಸಿಮ್ಯಾಲ್ ನಡುವೆ ಜಗಳ ಹತ್ತಿತು. ಸರ್ಕಾರ 2017ರಲ್ಲಿ 1.5 ಕೋಟಿ, 2018ರಲ್ಲಿ 3 ಕೋಟಿ ಪೌಂಡ್ ಸಾಲ ಕೊಟ್ಟಿತು. 2019ರ ಆಗಸ್ಟ್‌ನಲ್ಲಿ ಯಾರ್ಡ್ ಮತ್ತೆ ಮುಳುಗಿತು. ಸರ್ಕಾರವೇ ಅದನ್ನು ಕೈಗೆ ತೆಗೆದುಕೊಂಡು ಡಿಸೆಂಬರ್ ಹೊತ್ತಿಗೆ ರಾಷ್ಟ್ರೀಕರಣ ಮಾಡಿತು. ಎರಡು ಹಡಗನ್ನು ಮುಗಿಸಲು ಇನ್ನೂ 11 ಕೋಟಿ ಪೌಂಡ್ ಬೇಕು ಎಂಬ ಲೆಕ್ಕ ಆಗ ಹೊರಬಿತ್ತು. ಮೂಲ ಬೆಲೆಗಿಂತ ಜಾಸ್ತಿ, ಅದೂ ಬರೀ ಉಳಿದ ಕೆಲಸಕ್ಕೆ.

ಗುರುವಾರ ಮಧ್ಯಾಹ್ನ 12

ಈಗ ಪ್ರಶ್ನೆಗಳಿಗೆ ಬರೋಣ. ಹೋಲಿರೂಡ್‌ನಲ್ಲಿ ಪ್ರತಿ ಗುರುವಾರ ಮಧ್ಯಾಹ್ನ 12 ಗಂಟೆಗೆ ಫಸ್ಟ್ ಮಿನಿಸ್ಟರ್ ಎದ್ದು ನಿಂತು ಉತ್ತರ ಕೊಡಬೇಕು. ಸುಮಾರು ಮುಕ್ಕಾಲು ಗಂಟೆ. ವಿರೋಧ ಪಕ್ಷದ ನಾಯಕರು ಮೊದಲು. ಕನ್ಸರ್ವೇಟಿವ್ ಪಕ್ಷದ ಡಗ್ಲಸ್ ರಾಸ್, ಲೇಬರ್ ಪಕ್ಷದ ಅನಸ್ ಸರ್ವಾರ್ ಇಬ್ಬರೂ ದೋಣಿ ವಿಷಯವನ್ನು ಎಷ್ಟು ಸಲ ಎತ್ತಿದರೆಂದರೆ, ಒಂದು ಹಂತದಲ್ಲಿ ಅದು ಸದನದ ಮಾಮೂಲಿ ಜೋಕಿನ ಸರಕಾಯಿತು. ಬಣ್ಣ ಬಳಿದ ಕಿಟಕಿ ಅಂದರೆ ಸಾಕು, ಒಂದು ಕಡೆ ನಗು, ಇನ್ನೊಂದು ಕಡೆ ಗದ್ದಲ.

ನನ್ನ ಪ್ರಕಾರ ಈ ಗುರುವಾರದ ಆಟದಿಂದ ಹೊಸ ವಿಷಯ ಹೊರಬಂದಿದ್ದು ಕಮ್ಮಿ. ಪ್ರಶ್ನೆ ಕೇಳುವವರಿಗೆ ಸಂಜೆಯ ಟಿವಿ ಸುದ್ದಿಗೆ ಒಂದು ತುಣುಕು ಬೇಕು. ಉತ್ತರ ಕೊಡುವವರಿಗೆ ಆ ತುಣುಕು ತಪ್ಪಿಸಬೇಕು. ಸ್ಟರ್ಜನ್ ತಡವಾಗಿದ್ದಕ್ಕೆ ದ್ವೀಪದವರ ಕ್ಷಮೆ ಕೇಳುತ್ತಿದ್ದರು, ಕೊನೆಯ ಹೊಣೆ ನನ್ನದೇ ಎನ್ನುತ್ತಿದ್ದರು, ಕೂಡಲೇ ಯಾರ್ಡಿನ ಕೆಲಸಗಾರರನ್ನು ನೆನಪಿಸುತ್ತಿದ್ದರು. ನಾವು ಆ ಕೆಲಸ ಉಳಿಸಬಾರದಿತ್ತಾ ಎಂದು ತಿರುಗಿಸಿ ಕೇಳಿದರೆ ವಿರೋಧ ಪಕ್ಷದವರಿಗೆ ಗಂಟಲು ಕಟ್ಟುತ್ತಿತ್ತು. ಯಾರ್ಡ್ ಮುಚ್ಚಲಿ ಎಂದು ಹೇಳಿ ಪೋರ್ಟ್ ಗ್ಲಾಸ್ಗೋದಲ್ಲಿ ಮತ ಕೇಳಲು ಆಗುತ್ತದೆಯೇ?

ಹಾಗಂತ ಅದು ದಂಡ ಅಂತಲೂ ಹೇಳಲಾರೆ. ಪ್ರತಿ ವಾರ ಕೇಳುತ್ತಾರೆ ಎಂದು ಗೊತ್ತಿದ್ದರೆ ಅಧಿಕಾರಿಗಳು ಪ್ರತಿ ವಾರ ಕಡತ ತಯಾರು ಮಾಡಿ ಇಡುತ್ತಾರೆ. ಮರೆತುಹೋಗಲು ಬಿಡುವುದಿಲ್ಲ, ಅಷ್ಟೇ ಅದರ ಉಪಯೋಗ.

ಲಿಖಿತ ಪ್ರಶ್ನೆಯದು ಬೇರೆ ಜಾತಿ. ನಮ್ಮ ವಿಧಾನಸಭೆಯಲ್ಲಿ ಚುಕ್ಕೆ ಗುರುತಿಲ್ಲದ ಪ್ರಶ್ನೆ ಇರುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಶಾಸಕರು ಬರೆದು ಕೊಡುತ್ತಾರೆ, ಸಾಮಾನ್ಯವಾಗಿ ಹತ್ತು ಕೆಲಸದ ದಿನದೊಳಗೆ ಸಚಿವರು ಬರೆದು ಉತ್ತರಿಸಬೇಕು. ಪ್ರತಿ ಪ್ರಶ್ನೆಗೂ ಒಂದು ನಂಬರು, ಆರನೇ ಅವಧಿಯ ಲಿಖಿತ ಪ್ರಶ್ನೆಯಾದರೆ ಎಸ್6ಡಬ್ಲ್ಯು ಎಂದು ಶುರು. ಟಿವಿ ಇಲ್ಲ, ಗದ್ದಲ ಇಲ್ಲ. ಸುಮ್ನೆ ಒಂದು ವಾಕ್ಯ, ಅದಕ್ಕೊಂದು ಉತ್ತರ. ಯಾವ ದೋಣಿ ಎಷ್ಟು ದಿನ ನಿಂತಿತ್ತು, ಬದಲಿ ದೋಣಿಗೆ ಬಾಡಿಗೆ ಎಷ್ಟು, ಯಾವ ತಾರೀಖು ಯಾರ ಜೊತೆ ಸಭೆ, ಇಂಥವು.

ದೋಣಿ ವಿಷಯದಲ್ಲಿ ಈ ಉತ್ತರಗಳಿಗೆ ಒಂದು ಖಾಯಂ ತಪ್ಪಿಸಿಕೊಳ್ಳುವ ದಾರಿ ಇತ್ತು. ಇದು ದಿನನಿತ್ಯದ ಕಾರ್ಯಾಚರಣೆಯ ವಿಷಯ, ಕ್ಯಾಲ್‌ಮ್ಯಾಕ್‌ಗೆ ನಿಮಗೆ ನೇರವಾಗಿ ಬರೆಯಲು ಹೇಳಿದ್ದೇನೆ ಎನ್ನುವುದು. ಮೂರು ಬಾಗಿಲಿನ ಮನೆ ಎಂದೆನಲ್ಲ, ಅದರ ಫಲ ಇದು. ಕ್ಯಾಲ್‌ಮ್ಯಾಕ್ ಬರೆದ ಪತ್ರ ಆ ಶಾಸಕರ ಕೈಗೆ ಹೋಗುತ್ತದೆ. ಸಚಿವರ ಉತ್ತರದ ಜಾಗದಲ್ಲಿ, ಎಲ್ಲರೂ ಓದುವ ದಾಖಲೆಯಲ್ಲಿ, ಉಳಿಯುವುದು ‘ಅವರನ್ನು ಕೇಳಿ’ ಎಂಬ ಸಾಲು ಮಾತ್ರ.

ಕೇಳಿದವರಲ್ಲಿ ಆಳುವ ಪಕ್ಷದವರೂ ಇದ್ದರು. ಅರಾನ್ ಮತ್ತು ಆರ್ಡ್ರಾಸನ್ ಎರಡೂ ಸೇರಿದ ಕ್ಷೇತ್ರದ ಶಾಸಕ ಕೆನೆತ್ ಗಿಬ್ಸನ್ ಸ್ಕಾಟಿಷ್ ನ್ಯಾಷನಲ್ ಪಾರ್ಟಿಯವರೇ. ಹೆಬ್ರಿಡೀಸ್ ದ್ವೀಪಗಳ ಅಲಸ್ಡೇರ್ ಅಲನ್ ಕೂಡ ಅದೇ ಪಕ್ಷ. ಇವರಿಗೆ ಮತ ಹಾಕುವವರು ಬಂದರಿನಲ್ಲಿ ಕ್ಯೂ ನಿಂತ ಜನ. ಅದೇ ಪಕ್ಷದ ಸ್ಟುವರ್ಟ್ ಮೆಕ್‌ಮಿಲನ್ ಕ್ಷೇತ್ರದಲ್ಲಿ ಯಾರ್ಡ್ ಇದೆ. ಅವರ ಮತದಾರರು ಹಡಗು ಕಟ್ಟುವವರು. ದ್ವೀಪದವರಿಗೆ ಹಡಗು ಎಲ್ಲಿ ಕಟ್ಟಿದರೂ ಸರಿ, ಬೇಗ ಬರಬೇಕು. ಯಾರ್ಡಿನವರಿಗೆ ಹಡಗು ಇಲ್ಲೇ ಆಗಬೇಕು. ಪಕ್ಷ ಒಂದೇ, ಪ್ರಶ್ನೆ ಎರಡು. ಈ ಎಳೆದಾಟ ಗುರುವಾರದ ಗದ್ದಲದಲ್ಲಿ ಕಾಣುವುದೇ ಇಲ್ಲ. ಲಿಖಿತ ಪ್ರಶ್ನೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದರೆ ಕಾಣುತ್ತದೆ.

ಸಚಿವರೂ ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. ಸಾರಿಗೆ ಖಾತೆ ಗುತ್ತಿಗೆಯ ಹೊತ್ತಿಗೆ ಡೆರೆಕ್ ಮೆಕೆ ಕೈಯಲ್ಲಿತ್ತು. ಆಮೇಲೆ ಹಮ್ಜಾ ಯೂಸಫ್, ಮೈಕಲ್ ಮ್ಯಾಥೆಸನ್, ಗ್ರೇಮ್ ಡೇ, ಜೆನ್ನಿ ಗಿಲ್ರೂತ್, ಕೆವಿನ್ ಸ್ಟುವರ್ಟ್, ಫಿಯೋನಾ ಹಿಸ್ಲಪ್. ಏಳು ಜನ. ಪ್ರತಿಯೊಬ್ಬರೂ ಬಂದು ಮೊದಲಿನದನ್ನು ಪರಿಶೀಲಿಸುತ್ತೇನೆ ಎನ್ನಬಹುದು. ಪ್ರಶ್ನೆ ಕೇಳುವವರಿಗೆ ಮಾತ್ರ ಪ್ರತಿ ಸಲ ಕಥೆಯನ್ನು ಮೊದಲಿನಿಂದ ಹೇಳುವ ಪಾಡು.

ಸಮಿತಿಯ ಮೇಜು

2020ರಲ್ಲಿ ಗ್ರಾಮೀಣ ಆರ್ಥಿಕತೆ ಮತ್ತು ಸಂಪರ್ಕ ಸಮಿತಿ ಈ ವಿಷಯ ಎತ್ತಿಕೊಂಡಿತು. ಅಧ್ಯಕ್ಷರು ಕನ್ಸರ್ವೇಟಿವ್ ಪಕ್ಷದ ಎಡ್ವರ್ಡ್ ಮೌಂಟನ್. ಹೋಲಿರೂಡ್‌ನ ಸಮಿತಿಗಳಿಗೆ ಒಂದು ಅನುಕೂಲವಿದೆ. ಗುರುವಾರದಲ್ಲಿ ಒಬ್ಬ ಶಾಸಕನಿಗೆ ಒಂದೆರಡು ನಿಮಿಷ ಸಿಕ್ಕರೆ ಹೆಚ್ಚು. ಸಮಿತಿಯಲ್ಲಿ ಗಂಟೆಗಟ್ಟಲೆ ಕೇಳಬಹುದು, ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಬಹುದು, ಮೊದಲು ಯಾರ್ಡಿನವರನ್ನು ಕರೆದು ಅವರು ಹೇಳಿದ್ದನ್ನು ಆಮೇಲೆ ಸಿಮ್ಯಾಲ್ ಮುಂದಿಡಬಹುದು. ದಾಖಲೆ ಕೊಡಿ, ಬಂದು ಸಾಕ್ಷಿ ಹೇಳಿ ಎಂದು ಕೇಳುವ ಅಧಿಕಾರವೂ ಕಾನೂನಿನಲ್ಲೇ ಇದೆ.

ಆ ವರ್ಷದ ಡಿಸೆಂಬರ್‌ನಲ್ಲಿ ಬಂದ ವರದಿ, ಹಡಗು ಖರೀದಿಯ ನಿರ್ವಹಣೆಯಲ್ಲಿ ಆಗಿದ್ದು ಘೋರ ವೈಫಲ್ಯ ಎಂದು ನೇರವಾಗಿ ಹೇಳಿತು. ಆದರೆ ಮೂಲ ಪ್ರಶ್ನೆ ಹಾಗೇ ಉಳಿಯಿತು. ಪೂರ್ತಿ ಗ್ಯಾರಂಟಿ ಇಲ್ಲ ಎಂದು ಗೊತ್ತಿದ್ದೂ ಸಹಿ ಹಾಕಲು ಯಾರು ಹೇಳಿದರು? ಯಾಕೆ?

ಇದರ ಹಿಂದೆ ಬಿದ್ದವರು ಆಡಿಟರ್ ಜನರಲ್ ಸ್ಟೀಫನ್ ಬಾಯ್ಲ್. 2022ರ ಮಾರ್ಚ್‌ನಲ್ಲಿ ಅವರ ಸಂಸ್ಥೆ ಆಡಿಟ್ ಸ್ಕಾಟ್ಲೆಂಡ್ ವರದಿ ಕೊಟ್ಟಿತು. ಎರಡೂ ಹಡಗಿನ ಖರ್ಚು ಕಮ್ಮಿ ಎಂದರೂ 24 ಕೋಟಿ ಪೌಂಡ್ ಎಂದಿತು. ಯಾರ್ಡನ್ನು ಹಳಿಗೆ ತರಲು ಸರ್ಕಾರ ನೇಮಿಸಿದ್ದ ನಿರ್ದೇಶಕರಿಗೆ ದಿನಕ್ಕೆ 2,500 ಪೌಂಡಿಗಿಂತ ಜಾಸ್ತಿ ಕೊಟ್ಟಿದ್ದೂ ಅದರಲ್ಲಿತ್ತು. ಪತ್ರಿಕೆಗಳು ಸಹಜವಾಗಿ ಅದರ ಮೇಲೆ ಮುಗಿಬಿದ್ದವು. ಆದರೆ ನಿಜವಾದ ಬಾಂಬು ಬೇರೆ ಕಡೆ ಇತ್ತು. ಸಿಮ್ಯಾಲ್‌ನ ಆತಂಕ ಗೊತ್ತಿದ್ದೂ ಸಚಿವರು ಈ ಅಪಾಯವನ್ನು ಯಾಕೆ ಒಪ್ಪಿಕೊಂಡರು ಎಂದು ತೋರಿಸುವ ದಾಖಲೆ ಸಿಗಲಿಲ್ಲ ಎಂದು ವರದಿ ಹೇಳಿತ್ತು.

ಸಾರ್ವಜನಿಕ ಲೆಕ್ಕ ನೋಡುವವರು ‘ಸಿಗಲಿಲ್ಲ’ ಎಂದು ಬರೆದರೆ ಸಣ್ಣ ಮಾತಲ್ಲ. ಹತ್ತು ಕೋಟಿಯ ಹತ್ತಿರದ ಗುತ್ತಿಗೆ. ಅದಕ್ಕೆ ಹೂಂ ಎಂದಿದ್ದು ಯಾಕೆಂಬ ಕಾಗದವೇ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ಚರಂಡಿ ಬಿಲ್ ಪಾಸು ಮಾಡಿಸಿದ ಯಾರನ್ನಾದರೂ ಕೇಳಿ, ನಗುತ್ತಾರೆ.

ಗುರುವಾರದ ಪ್ರಶ್ನೋತ್ತರದಲ್ಲಿ ಸ್ಟರ್ಜನ್, ತೀರ್ಮಾನ ಆಗ ಸಾರಿಗೆ ಸಚಿವರಾಗಿದ್ದ ಡೆರೆಕ್ ಮೆಕೆ ಅವರದು ಎಂದರು. ಮೆಕೆ ಅಷ್ಟು ಹೊತ್ತಿಗೆ ಸಚಿವರೂ ಅಲ್ಲ, ಶಾಸಕರೂ ಅಲ್ಲ. ಊರು ಬಿಟ್ಟವನ ತಲೆಗೆ ಕಟ್ಟಿದರು ಎಂದು ವಿರೋಧ ಪಕ್ಷಗಳು ಕೂಗಿದವು. ಮೇ 11ಕ್ಕೆ ಸರ್ಕಾರ ಒಂದು ಇಮೇಲ್ ಹೊರತೆಗೆಯಿತು. 2015ರ ಅಕ್ಟೋಬರ್ 9ರದು. ಸಚಿವರಿಗೆ ಒಪ್ಪಿಗೆ ಇದೆ, ಮುಂದುವರಿಸಿ ಎಂಬ ಅರ್ಥದ ಕೆಲವೇ ಸಾಲು. ಎಲ್ಲ ಹುಡುಕಿದ್ದೇವೆ, ಇಲ್ಲ ಎಂದಿದ್ದ ಕಾಗದ ಏಳು ವಾರದಲ್ಲಿ ಹೇಗೋ ಸಿಕ್ಕಿತ್ತು.

ಆ ಇಮೇಲ್ ಸಿಕ್ಕ ಮೇಲೆ ವಿಷಯ ಮುಗಿಯಿತು ಎಂದು ಸರ್ಕಾರ ಅಂದುಕೊಂಡಿರಬಹುದು. ನನಗಂತೂ ಅಲ್ಲಿಂದಲೇ ಪ್ರಕರಣ ಕುತೂಹಲದ್ದಾಗುವುದು. ಇಮೇಲ್ ‘ಯಾರು’ ಎಂದು ಹೇಳುತ್ತದೆ. ‘ಯಾಕೆ’ ಎಂದು ಹೇಳುವುದಿಲ್ಲ. ಶಾಸಕರು ಏಳು ವರ್ಷ ಕೇಳಿದ್ದು ಎರಡನೆಯದನ್ನು. ಉತ್ತರ ಬರೆದಿಡದಿದ್ದರೆ ಎಷ್ಟು ಚೆನ್ನಾಗಿ ಕೇಳಿದರೂ ಬರುವುದು ನೆನಪು ಮಾತ್ರ. ನೆನಪನ್ನು ಪ್ರಶ್ನೆ ಮಾಡುವುದು ಕಷ್ಟ, ಅಲ್ವಾ? ‘ನನಗೆ ಜ್ಞಾಪಕವಿಲ್ಲ’ ಎಂದರೆ ಅಲ್ಲಿಗೆ ನಿಂತಿತು.

ಈಗ ಎದ್ದು ಬಂದಿದ್ದು ಸಾರ್ವಜನಿಕ ಲೆಕ್ಕಪರಿಶೋಧನಾ ಸಮಿತಿ. ಅಧ್ಯಕ್ಷ ಲೇಬರ್ ಪಕ್ಷದ ರಿಚರ್ಡ್ ಲಿಯೊನಾರ್ಡ್, ಆ ಪಕ್ಷದ ಸ್ಕಾಟ್ಲೆಂಡ್ ಘಟಕದ ಮಾಜಿ ನಾಯಕ. ನಮ್ಮಲ್ಲೂ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನೇ ಕೂರಿಸುವ ರೂಢಿ ಇದೆಯಲ್ಲ, ಆ ಬುದ್ಧಿ ಅಲ್ಲೂ ಇದೆ. ಸಮಿತಿ ಮೆಕಾಲ್‌ರನ್ನು ಕರೆಯಿತು, ಅಧಿಕಾರಿಗಳನ್ನು ಕರೆಯಿತು. 2022ರ ಸೆಪ್ಟೆಂಬರ್ 8ರ ಬೆಳಿಗ್ಗೆ ಡೆರೆಕ್ ಮೆಕೆ ಬಂದು ಕೂತರು. ಗುತ್ತಿಗೆಗೆ ಒಪ್ಪಿದ್ದು ತಾನೇ ಎಂದರು, ದ್ವೀಪದವರ ಕ್ಷಮೆ ಕೇಳಿದರು. ಬೇರೆ ದಿನವಾಗಿದ್ದರೆ ಅದೇ ಮರುದಿನದ ಮುಖಪುಟ. ಆದರೆ ಅಂದೇ ಸಂಜೆ ರಾಣಿ ಎಲಿಜಬೆತ್ ತೀರಿಕೊಂಡ ಸುದ್ದಿ ಬಂತು. ದೋಣಿಯ ಮಾತು ಯಾರಿಗೂ ಬೇಡವಾಯಿತು.

ನವೆಂಬರ್ 4ರಂದು ಫಸ್ಟ್ ಮಿನಿಸ್ಟರ್ ಸ್ಟರ್ಜನ್ ಸ್ವತಃ ಸಮಿತಿಯ ಮುಂದೆ ಕೂತರು. ಅಧಿಕಾರದಲ್ಲಿರುವವರು ಒಂದೇ ವಿಷಯದ ಮೇಲೆ ಅಷ್ಟು ಹೊತ್ತು ಕೂತು ಉತ್ತರಿಸುವುದು ಅಪರೂಪ. ಅಲ್ಲಿ ಗುರುವಾರದ ಹಾಗೆ ಡೆಸ್ಕ್ ಬಡಿಯುವವರಿಲ್ಲ. ಪಕ್ಷದ ಗುಂಪು ಬೆನ್ನ ಹಿಂದೆ ಇಲ್ಲ. ತಡವಾಗಿದ್ದಕ್ಕೆ, ಖರ್ಚು ಏರಿದ್ದಕ್ಕೆ ವಿಷಾದ ಹೇಳಿದರು. ಯಾರ್ಡ್ ಉಳಿಸಿದ್ದಕ್ಕೆ ವಿಷಾದವಿಲ್ಲ ಎಂಬ ನಿಲುವು ಬಿಡಲಿಲ್ಲ. ಸಮಿತಿಯನ್ನು ಕೆರಳಿಸಿದ್ದು ಇನ್ನೊಂದು ಸಂಗತಿ. 2017ರ ಮೇ ತಿಂಗಳಲ್ಲಿ ಸ್ಟರ್ಜನ್ ಮತ್ತು ಮೆಕಾಲ್ ಭೇಟಿಯಾಗಿದ್ದರು. ಆ ಸಭೆಯ ಟಿಪ್ಪಣಿ ಇರಲಿಲ್ಲ. ಮತ್ತೆ ಅದೇ ಕಾಯಿಲೆ.

2023ರ ಮಾರ್ಚ್ ಕೊನೆಗೆ ಸಮಿತಿಯ ವರದಿ ಬಂತು. ಪಾರದರ್ಶಕತೆ ಇರಲಿಲ್ಲ, ಹೊಣೆಗಾರಿಕೆ ಇರಲಿಲ್ಲ, ಕಡತ ಇಡುವುದನ್ನು ಸರಿಮಾಡಿ ಎಂದು ಹೇಳಿತು. ಒಂದು ಕಡೆ ಅದಕ್ಕೂ ಗೋಡೆ ಅಡ್ಡ ಬಂತು. ರಾಷ್ಟ್ರೀಕರಣಕ್ಕೆ ಮೊದಲು ಖಾಸಗಿ ಯಾರ್ಡಿಗೆ ಹೋದ ಸರ್ಕಾರಿ ದುಡ್ಡು, ಗುತ್ತಿಗೆಯ ಕಂತು ಮತ್ತು ಸಾಲ ಸೇರಿ, ಸುಮಾರು 12.8 ಕೋಟಿ ಪೌಂಡ್. ಅದು ಒಳಗೆ ಯಾವುದಕ್ಕೆ ಎಷ್ಟು ಖರ್ಚಾಯಿತು ಎಂದು ಪೂರ್ತಿ ಹೇಳಲು ಆಡಿಟರ್ ಜನರಲ್‌ಗೆ ಆಗಲಿಲ್ಲ. ಖಾಸಗಿ ಕಂಪನಿಯ ಲೆಕ್ಕಪುಸ್ತಕ ಅವರ ಕೈಗೆ ನಿಲುಕುವುದಲ್ಲ. ದುಡ್ಡು ಜನರದ್ದು, ಪುಸ್ತಕ ಇನ್ನೊಬ್ಬರದ್ದು.

ಆಚೆ ದಡದಲ್ಲಿ

ಇಷ್ಟೆಲ್ಲ ಕೇಳುವುದು ಹೇಳುವುದು ನಡೆಯುತ್ತಿದ್ದಾಗ ದ್ವೀಪಗಳಲ್ಲಿ ಏನಾಗುತ್ತಿತ್ತು ಎಂದು ಮರೆಯಬಾರದು. ಹಳೆಯ ದೋಣಿಗಳು ಒಂದೊಂದಾಗಿ ಕೆಡುತ್ತಿದ್ದವು. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆಯ ದೋಣಿಯನ್ನು ಅಲ್ಲಿಗೆ ಕಳಿಸುವುದು, ಆಗ ಆ ಇನ್ನೊಂದು ದ್ವೀಪ ಖಾಲಿ. 2023ರ ಜೂನ್‌ನಲ್ಲಿ ಸೌತ್ ಯೂಯಿಸ್ಟ್ ದ್ವೀಪದ ಲಾಕ್‌ಬಾಯ್ಸ್‌ಡೇಲ್‌ಗೆ ಇಡೀ ತಿಂಗಳ ಬಹುತೇಕ ಪ್ರಯಾಣಗಳು ರದ್ದು. ಸೀಸನ್ನಿನ ತಿಂಗಳು ಅದು. ಜೂನ್ 4ರಂದು ನೂರಾರು ಜನ ಕಾರು, ವ್ಯಾನು, ಲಾರಿ ತಂದು ಬಂದರಿನಲ್ಲಿ ಸಾಲಾಗಿ ನಿಲ್ಲಿಸಿ ಪ್ರತಿಭಟಿಸಿದರು. ಹತ್ತಲು ದೋಣಿಯೇ ಇಲ್ಲದ ಕ್ಯೂ.

ಅದೇ ವರ್ಷ ಆಲ್ಫ್ರೆಡ್ ಎಂಬ ದೋಣಿಯನ್ನು ಖಾಸಗಿಯವರಿಂದ ಬಾಡಿಗೆಗೆ ತಂದರು. ತಿಂಗಳಿಗೆ ಸುಮಾರು 10 ಲಕ್ಷ ಪೌಂಡ್. ಅದನ್ನು ವಿಯೆಟ್ನಾಂನಲ್ಲಿ ಕಟ್ಟಿಸಿದ್ದು 1.4 ಕೋಟಿ ಪೌಂಡಿಗೆ. ಈ ಎರಡು ಸಂಖ್ಯೆಯನ್ನು ಪಕ್ಕಪಕ್ಕ ಇಟ್ಟರೆ ವಿರೋಧ ಪಕ್ಷಕ್ಕೆ ಬೇರೆ ಭಾಷಣ ಬೇಕಿಲ್ಲ. ಹಾಗೆ ಹೋಲಿಸುವುದು ಪೂರ್ತಿ ನ್ಯಾಯ ಅಂತಲೂ ಹೇಳಲಾರೆ. ಆಲ್ಫ್ರೆಡ್ ಚಿಕ್ಕದು, ಬೇರೆ ಥರದ ದೋಣಿ. ಆದರೆ ಬಂದರಿನಲ್ಲಿ ಕಾಯುತ್ತಿರುವವನಿಗೆ ಆ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕು?

ಬರೆದು ಕೊಟ್ಟ ಒಪ್ಪಿಗೆ

2023ರ ಮೇ ತಿಂಗಳಲ್ಲಿ 802ರ ಬಗ್ಗೆ ಹಳೆಯ ಪ್ರಶ್ನೆ ಹೊಸದಾಗಿ ಎದ್ದಿತು. ಅರ್ಧ ಆದ ಹಡಗನ್ನು ಮುಗಿಸುವುದಕ್ಕಿಂತ ಕೈಬಿಟ್ಟು ಬೇರೆ ಕಡೆ ಹೊಸದು ಕಟ್ಟಿಸುವುದೇ ಅಗ್ಗ ಎಂದು ಅಧಿಕಾರಿಗಳ ಲೆಕ್ಕ ಹೇಳಿತು. ದುಡ್ಡಿನ ಹೊಣೆ ಹೊತ್ತ ಅಧಿಕಾರಿ ಹೀಗೆ ಹೇಳಿದ ಮೇಲೆ ಅವರು ತಾವಾಗಿ ಖರ್ಚು ಮುಂದುವರಿಸುವಂತಿಲ್ಲ. ಸಚಿವರೇ ಬರೆದು ಕೊಡಬೇಕು, ನಿಮ್ಮ ಮಾತು ಕೇಳಿದ್ದೇನೆ, ಆದರೂ ಮುಂದುವರಿಸಿ, ಹೊಣೆ ನನ್ನದು ಎಂದು. ಆರ್ಥಿಕತೆಯ ಖಾತೆ ಹೊತ್ತಿದ್ದ ಸಚಿವ ನೀಲ್ ಗ್ರೇ ಹಾಗೆ ಬರೆದು ಕೊಟ್ಟರು. ಕೊಟ್ಟಿದ್ದನ್ನು ಸದನಕ್ಕೆ ಬಂದು ಹೇಳಿದರು. ಹೊಸ ಹಡಗು ಬರಲು 2027ರವರೆಗೆ ಕಾಯಬೇಕಾಗುತ್ತದೆ, ದ್ವೀಪದವರನ್ನು ಅಷ್ಟು ಕಾಯಿಸಲಾರೆ, ಯಾರ್ಡಿನ ಕೆಲಸವೂ ಇದೆ ಎಂದು ಕಾರಣವನ್ನೂ ಕೊಟ್ಟರು.

ತೀರ್ಮಾನ ಸರಿಯೋ ತಪ್ಪೋ, ಜಗಳ ಆಡಬಹುದು. ಶಾಸಕರು ಆಡಿದರು ಕೂಡ. ಆದರೆ 2015ರ ಅಕ್ಟೋಬರನ್ನೂ 2023ರ ಮೇಯನ್ನೂ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಎಚ್ಚರಿಕೆ ಕೊಟ್ಟವರಿದ್ದರು. ಎರಡರಲ್ಲೂ ಸಚಿವರು ಎಚ್ಚರಿಕೆ ದಾಟಿ ಹೋದರು. ಎರಡನೇ ಸಲ ಯಾರು, ಯಾಕೆ, ಯಾವ ಲೆಕ್ಕದ ವಿರುದ್ಧ ಎನ್ನುವುದೆಲ್ಲ ಸದನದ ದಾಖಲೆಯಲ್ಲಿದೆ. ಇನ್ನು ಹತ್ತು ವರ್ಷ ಬಿಟ್ಟು ಯಾವುದೋ ಸಮಿತಿ ಇದನ್ನು ಕೆದಕಿದರೆ ಇಮೇಲ್ ಹುಡುಕಬೇಕಾಗಿಲ್ಲ. ಇದು ಎಂಟು ವರ್ಷದ ಪ್ರಶ್ನೆಗಳಿಂದಲೇ ಆದದ್ದು ಎಂದು ಪ್ರಮಾಣ ಮಾಡಿ ಹೇಳಲು ಸಾಧ್ಯವಿಲ್ಲ. ಆ ನಿಯಮ ಮೊದಲೇ ಇತ್ತು. ಆದರೆ ಆ ಹೊತ್ತಿಗೆ ಈ ವಿಷಯದಲ್ಲಿ ಬಾಯಿಮಾತಿನಲ್ಲಿ ಹೂಂ ಎನ್ನುವ ಧೈರ್ಯ ಯಾವ ಸಚಿವರಿಗೂ ಉಳಿದಿರಲಿಕ್ಕಿಲ್ಲ.

ಇನ್ನೊಂದು ಸಣ್ಣ ಫಲವೂ ಇದೆ. ಯಾರ್ಡಿನ ಮುಖ್ಯಸ್ಥರು ಮೂರು ತಿಂಗಳಿಗೊಮ್ಮೆ ಪಾರ್ಲಿಮೆಂಟಿನ ಸಮಿತಿಗೆ ಪತ್ರ ಬರೆದು ಕೆಲಸ ಎಲ್ಲಿಗೆ ಬಂತು, ಖರ್ಚು ಎಷ್ಟಾಯಿತು ಎಂದು ತಿಳಿಸುವ ಪದ್ಧತಿ ಬಂತು. ನೂರಾರು ಕೇಬಲ್‌ಗಳ ಉದ್ದ ಸಾಲದು, ತೆಗೆದು ಹೊಸದು ಹಾಕಬೇಕು ಎಂಬ ಸಂಗತಿ 2022ರ ಆರಂಭದಲ್ಲಿ ಹೊರಬಂದಿದ್ದು ಹೀಗೆ ಸಮಿತಿಗೆ ಬಂದ ಪತ್ರದಿಂದಲೇ. ಯಾವ ನಾಯಕನ ಗುರುವಾರದ ಭಾಷಣವೂ ಅದನ್ನು ಹೊರಗೆಳೆದಿರಲಿಲ್ಲ.

ಗ್ಲೆನ್ ಸ್ಯಾನಕ್ಸ್ 2024ರ ನವೆಂಬರ್‌ನಲ್ಲಿ ಸಿಮ್ಯಾಲ್ ಕೈಸೇರಿತು. ಒಂದು ಸಾವಿರ ಜನ ಹಿಡಿಯಬೇಕಿದ್ದ ಹಡಗಿನಲ್ಲಿ ಈಗ 852 ಜನಕ್ಕೆ ಜಾಗ. ಜನವರಿಯಲ್ಲಿ ಅರಾನ್‌ಗೆ ಹೊರಟಾಗ ಅದು ಹೊರಟಿದ್ದು ಆರ್ಡ್ರಾಸನ್‌ನಿಂದಲ್ಲ, ಟ್ರೂನ್ ಎಂಬ ಬೇರೆ ಬಂದರಿನಿಂದ. ಆರ್ಡ್ರಾಸನ್ ಬಂದರು ಆ ಹಡಗಿಗೆ ಹೊಂದುತ್ತಿರಲಿಲ್ಲ. ಹಡಗಿಗೆ ಹತ್ತು ವರ್ಷ ಕಾದವರು ಬಂದರನ್ನು ಸರಿಮಾಡಿರಲಿಲ್ಲ. ಗಿಬ್ಸನ್ ಅವರ ಪ್ರಶ್ನೆಗಳಿಗೆ ಇನ್ನೂ ಕೆಲಸ ಇದೆ.

802ಕ್ಕೆ ಈಗ ಗ್ಲೆನ್ ರೋಸಾ ಎಂದು ಹೆಸರು. 2024ರ ಏಪ್ರಿಲ್‌ನಲ್ಲಿ ನೀರಿಗಿಳಿಯಿತು. 2025ರ ಮೇ ತಿಂಗಳಲ್ಲಿ ಅದರ ಗಡುವು 2026ಕ್ಕೆ ಜಾರಿತು, ಅದೊಂದೇ ಹಡಗಿನ ಖರ್ಚು 18.5 ಕೋಟಿ ಪೌಂಡಿನವರೆಗೆ ಹೋಗಬಹುದು ಎಂದರು. ಆ ಸುದ್ದಿಯೂ ಯಾರ್ಡಿನಿಂದ ಶಾಸಕರಿಗೆ ಪತ್ರವಾಗಿಯೇ ಬಂತು.